ಪ್ರೆಸ್ ನೋಟ್ ಬಿಟ್ಟ ಮಾತು

ಪ್ರಿಯ ತಂಗಿ,

ಕೆಲಸ ಆಡಿಯೋ ಕಂಪನಿಯ ಪ್ರಚಾರ ವಿಭಾಗದಲ್ಲಿ, ಮನಸ್ಸು ಕ್ರೈಂ ವೆಬ್ ಸೀರೀಸ್ ಮೇಲೆ. ನಿನ್ನ ಪತ್ರದ ಸಾರ ಇಷ್ಟು. ಲಿರಿಕಲ್ ವಿಡಿಯೋಗೆ ಶೀರ್ಷಿಕೆ, ಪತ್ರಿಕೆಗಳಿಗೆ ಪ್ರೆಸ್ ನೋಟ್, ಗಾಯಕರ ಸಂದರ್ಶನಕ್ಕೆ ಸಮಯ ಹೊಂದಿಸುವುದು, ಇದರಲ್ಲೇ ವರ್ಷಗಳು ವ್ಯರ್ಥವಾದವು, ರಾಜೀನಾಮೆ ಕೊಟ್ಟು ಬರೆಯಲು ಕೂರಲೇ ಎಂದು ಕೇಳಿದ್ದೀಯ. ರಾಜೀನಾಮೆ ಪತ್ರ ಸದ್ಯ ಡ್ರಾಯರ್‌ನಲ್ಲೇ ಇರಲಿ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಜಾಹೀರಾತು ಬರೆಯುತ್ತಿದ್ದ ಒಬ್ಬರ ಡ್ರಾಯರ್‌ನಲ್ಲಿ ಬೇರೆಯದೇ ಸಾಮಾನು ಇತ್ತು.

ಅವರು ಮುಂದೆ ಕ್ರೈಂ ಕಾದಂಬರಿಕಾರರಾದ ಎಲ್ಮೋರ್ ಲೆನಾರ್ಡ್. 1950ರ ದಶಕದಲ್ಲಿ ಕ್ಯಾಂಬೆಲ್-ಯೂವಾಲ್ಡ್ ಎಂಬ ಜಾಹೀರಾತು ಸಂಸ್ಥೆಯಲ್ಲಿ ಷೆವರ್ಲೆ ಗಾಡಿಗಳ ಗುಣಗಾನ ಬರೆಯುವುದು ಅವರ ನೌಕರಿ. ಮನೆ ತುಂಬ ಮಕ್ಕಳು. ಬೆಳಿಗ್ಗೆ ಐದಕ್ಕೆ ಎದ್ದು ಏಳರವರೆಗೆ ಕತೆ ಬರೆಯುತ್ತಿದ್ದರು. ಬರವಣಿಗೆ ಶುರುವಾಗದೆ ಕಾಫಿಗೆ ನೀರಿಡುವಂತಿಲ್ಲ ಎಂಬುದು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಆಫೀಸಿನಲ್ಲೂ ಬಿಡುತ್ತಿರಲಿಲ್ಲ. ಡ್ರಾಯರ್ ಅರ್ಧ ತೆರೆದು, ಒಳಗೆ ಪ್ಯಾಡ್ ಇಟ್ಟು, ಕೈ ತೂರಿಸಿ ಬರೆಯುವುದು. ಯಾರಾದರೂ ಬಂದರೆ ಮೆಲ್ಲಗೆ ಮುಚ್ಚುವುದು.

ಲಾರಿ ಇಟ್ಟುಕೊಂಡವರ ಅಭಿಪ್ರಾಯ ಸಂಗ್ರಹಿಸಲು ಹೋದಾಗ ನಡೆದ ಪ್ರಸಂಗವೊಂದನ್ನು ಲೆನಾರ್ಡ್ ಆಮೇಲೆ ಹೇಳಿಕೊಳ್ಳುತ್ತಿದ್ದರು. ಈ ಗಾಡಿ ಸವೆಯುವ ಜಾತಿಯದಲ್ಲ, ನೋಡಿ ನೋಡಿ ಬೇಜಾರಾಗಿ ಹೊಸದು ತಗೋಬೇಕು ಅಷ್ಟೇ ಎಂಬ ಅರ್ಥದ ಮಾತನ್ನು ಒಬ್ಬ ಮಾಲೀಕ ಬೈಗುಳ ಸೇರಿಸಿಯೇ ಆಡಿದ. ಇದಕ್ಕಿಂತ ಒಳ್ಳೆಯ ಜಾಹೀರಾತು ಎಲ್ಲಿ ಸಿಕ್ಕೀತು? ಕಂಪನಿ ಮಾತ್ರ ಅದನ್ನು ಬಳಸಲಿಲ್ಲ. ಹೀಗೆ ಜಾಹೀರಾತು ಒಲ್ಲೆ ಎಂದ ಧಾಟಿಯೇ ಮುಂದೆ ಅವರ ಕಾದಂಬರಿಗಳ ಬಂಡವಾಳವಾಯಿತು. ಅವರ ಕಳ್ಳರು, ಸಾಲ ವಸೂಲಿಗೆ ಬರುವವರು, ಪೊಲೀಸರು ಎಲ್ಲರೂ ಆ ಲಾರಿ ಮಾಲೀಕನ ಹಾಗೆ ಬಾಯಿಬಿಟ್ಟು ಮಾತಾಡುತ್ತಾರೆ.

ನಿನ್ನ ಕೆಲಸದಲ್ಲೂ ಇಂಥ ಮಾತುಗಳಿಗೆ ಬರವಿಲ್ಲ. ಪೇಮೆಂಟ್ ಕೇಳಿದಾಗ ನಿರ್ಮಾಪಕರು ಕೊಡುವ ಉತ್ತರ, ಟ್ರ್ಯಾಕ್ ಹಾಡಿದವರಿಗೆ ತಮ್ಮ ದನಿ ತೆಗೆದದ್ದು ಯೂಟ್ಯೂಬ್ ನೋಡಿ ಗೊತ್ತಾಗುವುದು, ಕಾರ್ಯಕ್ರಮ ಮುಗಿದ ಮೇಲೆ ಹಿಂಬಾಗಿಲ ಹತ್ತಿರ ನಡೆಯುವ ಲೆಕ್ಕಾಚಾರ. ಪ್ರೆಸ್ ನೋಟ್‌ನಲ್ಲಿ ಇದೆಲ್ಲ ಅಳಿಸಿಹೋಗುತ್ತದೆ. ಹೆಸರು ಬಿಟ್ಟು, ಮಾತಿನ ಧಾಟಿಯನ್ನಷ್ಟೇ ಬರೆದಿಟ್ಟುಕೋ. ಲೆನಾರ್ಡ್ 1999ರಲ್ಲಿ ಬರೆದ ‘ಬಿ ಕೂಲ್’ ಸಂಗೀತೋದ್ಯಮದ ಒಳಗೇ ನಡೆಯುವ ಅಪರಾಧದ ಕತೆ. ಅದನ್ನು ಬರೆಯುವಾಗ ಅವರು ಆ ಲೋಕಕ್ಕೆ ಹೊರಗಿನವರು. ನೀನು ಒಳಗಿದ್ದೀಯ.

ಇನ್ನು ರಾಜೀನಾಮೆ. ಲೆನಾರ್ಡ್ 1961ರಲ್ಲಿ ನೌಕರಿ ಬಿಟ್ಟರು ನಿಜ. ಹಾಗೆಂದು ಮರುದಿನವೇ ಪೂರ್ಣಾವಧಿ ಕಾದಂಬರಿಕಾರರಾಗಲಿಲ್ಲ. ಸಂಸಾರ ನಡೆಯಬೇಕಲ್ಲ! ಬಿಡಿ ಜಾಹೀರಾತು ಬರೆದರು, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಶೈಕ್ಷಣಿಕ ಚಿತ್ರಗಳಿಗೆ ಸ್ಕ್ರಿಪ್ಟ್ ಬರೆದರು. ‘ಹೋಂಬ್ರೆ’ ಕಾದಂಬರಿಯ ಸಿನಿಮಾ ಹಕ್ಕು ಮಾರಾಟವಾದಾಗ ಸ್ವಲ್ಪ ಉಸಿರಾಡಲು ಬಿಡುವಾಯಿತು. ಆಗ ಬರೆದ ‘ದಿ ಬಿಗ್ ಬೌನ್ಸ್’ ಅವರ ಮೊದಲ ಅಪರಾಧ ಕಾದಂಬರಿ. ಪ್ರಕಾಶಕರೂ ಸಿನಿಮಾದವರೂ ಸೇರಿ ಅದನ್ನು 84 ಸಲ ತಿರಸ್ಕರಿಸಿದರು. ಅಚ್ಚಾದದ್ದು 1969ರಲ್ಲಿ. ‘ಜೋ ಕಿಡ್’ (1972), ‘ಮಿಸ್ಟರ್ ಮೆಜೆಸ್ಟಿಕ್’ (1974) ಚಿತ್ರಕಥೆಗಳು ಬಂದದ್ದು ಅದಾದ ಮೇಲೆ. 1978ರಲ್ಲಿ ಪತ್ರಿಕೆಯೊಂದಕ್ಕೆ ಲೇಖನ ಬರೆಯಲೆಂದು ಡೆಟ್ರಾಯಿಟ್ ಪೊಲೀಸರ ಕೊಲೆ ತನಿಖಾ ದಳದ ಕೋಣೆಯಲ್ಲಿ ಹೋಗಿ ಕೂತರು. ಅಲ್ಲಿ ಕಿವಿಗೆ ಬಿದ್ದದ್ದು 1980ರ ‘ಸಿಟಿ ಪ್ರೈಮೀವಲ್’ ಕಾದಂಬರಿಗೆ ಇಳಿಯಿತು. 2023ರಲ್ಲಿ, ಅವರು ತೀರಿಕೊಂಡ ಹತ್ತು ವರ್ಷದ ಮೇಲೆ, ಅದು ಟಿವಿ ಸರಣಿಯಾಯಿತು.

ಬೇರೆ ಕೆಲಸದಿಂದ ಕ್ರೈಂ ಬರವಣಿಗೆಗೆ ಬಂದವರು ಇನ್ನೂ ಇದ್ದಾರೆ. ಬಾಲ್ಟಿಮೋರ್‌ನ ಡೇವಿಡ್ ಸೈಮನ್ ಪತ್ರಿಕೆಯ ಕ್ರೈಂ ವರದಿಗಾರರಾಗಿದ್ದವರು. 1988ರ ವರ್ಷವಿಡೀ ಕೊಲೆ ತನಿಖಾ ದಳದ ಬೆನ್ನು ಬಿಡದೆ ಓಡಾಡಿ, 1991ರಲ್ಲಿ ‘ಹೋಮಿಸೈಡ್’ ಪುಸ್ತಕ ಪ್ರಕಟಿಸಿದರು. ಅದು 1993ರಲ್ಲಿ ಟಿವಿ ಸರಣಿಯಾದಾಗ ಅದರ ಕಂತುಗಳಿಗೆ ಬರೆಯುತ್ತ ಕಸುಬು ಕಲಿತರು. 2002ರಲ್ಲಿ ಶುರುವಾದ ‘ದಿ ವೈರ್’ ಟಿವಿ ಸರಣಿಯಲ್ಲಿ ಅವರ ಜೊತೆ ಬರೆದ ಎಡ್ ಬರ್ನ್ಸ್ ಪೊಲೀಸ್ ಪತ್ತೇದಾರರಾಗಿ ದುಡಿದು, ಆಮೇಲೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಸರಣಿಯ ನಾಲ್ಕನೇ ಸೀಸನ್ನಿನ ಶಾಲೆಯಲ್ಲಿ ಆ ಮೇಷ್ಟ್ರ ಅನುಭವ ಎದ್ದು ಕಾಣುತ್ತದೆ.

ಇಂಗ್ಲೆಂಡಿನ ಸ್ಯಾಲಿ ವೇನ್‌ರೈಟ್ ಲಂಡನ್ನಿನಲ್ಲಿ ಬಸ್ ಓಡಿಸುತ್ತಿದ್ದವರು. ‘ದಿ ಆರ್ಚರ್ಸ್’ ಎಂಬ ರೇಡಿಯೋ ಧಾರಾವಾಹಿ, ಬಳಿಕ ‘ಕೊರೊನೇಷನ್ ಸ್ಟ್ರೀಟ್’ ಎಂಬ ಟಿವಿ ಧಾರಾವಾಹಿ, ಆಮೇಲೆ 2014ರ ‘ಹ್ಯಾಪಿ ವ್ಯಾಲಿ’ ಎಂಬ ಕ್ರೈಂ ಸರಣಿ. ಬೇರೆಯವರು ಹುಟ್ಟುಹಾಕಿದ ಪಾತ್ರಗಳಿಗೆ, ಬೇರೆಯವರು ಹಾಕಿದ ಗಡುವಿಗೆ ವರ್ಷಗಟ್ಟಲೆ ಬರೆದ ಕೈ ಅದು. ನಮ್ಮಲ್ಲಿ ಈ ಮೆಟ್ಟಿಲು ದಿನದ ಧಾರಾವಾಹಿಗಳ ರೂಪದಲ್ಲಿದೆ. ಸೀರಿಯಲ್ಲಾ ಎಂದು ಮೂಗು ಮುರಿಯಬೇಡ. ಸಂಭಾಷಣೆಗೆ ಸಹಾಯಕರು ಬೇಕಾಗುತ್ತಲೇ ಇರುತ್ತಾರೆ. ಮಧ್ಯಾಹ್ನ ಬಂದ ಸೀನ್ ಸಂಜೆಯೊಳಗೆ ಬದಲಾಯಿಸಿ ಕೊಡುವ ಅಭ್ಯಾಸ ನಿನಗೆ ಈಗಾಗಲೇ ಆಗಿದೆ. ಗಾಯಕರ ಮ್ಯಾನೇಜರು ರಾತ್ರಿ ಹತ್ತಕ್ಕೆ ಪ್ರೆಸ್ ನೋಟ್ ತಿದ್ದಿಸಿದಾಗಲೂ ನೀನು ಮಾಡುವುದು ಅದನ್ನೇ.

ಲೆನಾರ್ಡ್ ಹಾಗೆ ಪೊಲೀಸ್ ಠಾಣೆಯೊಳಗೆ ಕೂರಲು ನಿನಗೆ ಯಾರೂ ಕುರ್ಚಿ ಹಾಕಲಿಕ್ಕಿಲ್ಲ. ನ್ಯಾಯಾಲಯದ ಬಾಗಿಲು ಮಾತ್ರ ತೆರೆದಿದೆ. ಕೆಲವು ಪ್ರಕರಣಗಳನ್ನು ಬಿಟ್ಟರೆ ಕಲಾಪವನ್ನು ಯಾರು ಬೇಕಾದರೂ ಕೂತು ನೋಡಬಹುದು. ರಜೆ ಹಾಕಿ ಸೆಷನ್ಸ್ ಕೋರ್ಟಿಗೆ ಹೋಗು. ಮಹಜರಿಗೆ ಸಹಿ ಹಾಕಿದ ಪಂಚರು ಕಟಕಟೆಯಲ್ಲಿ ಹೇಗೆ ತಡವರಿಸುತ್ತಾರೆ ಎಂಬುದನ್ನು ಕಿವಿಯಾರೆ ಕೇಳು. ಸೂಕ್ಷ್ಮ ಪ್ರಕರಣಗಳನ್ನು ಹೊರತುಪಡಿಸಿ ಎಫ್‌ಐಆರ್‌ಗಳನ್ನು ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ. ಅವನ್ನು ಓದು. ಪಿರ್ಯಾದುದಾರರ ಮಾತು ಠಾಣೆಯ ಕನ್ನಡಕ್ಕೆ ತಿರುಗುವಾಗ ಏನೇನು ಉದುರಿಹೋಗುತ್ತದೆ ಎಂದು ಊಹಿಸು. ಪ್ರೆಸ್ ನೋಟ್ ಬರೆಯುವವಳಿಗೆ ಇದು ಕಷ್ಟವಲ್ಲ.

ನೀನು ಕಳಿಸಿದ ಮೊದಲ ದೃಶ್ಯದಲ್ಲಿ ಇನ್ಸ್‌ಪೆಕ್ಟರ್ ಕೊಲೆ ಕೇಸಿಗೆ ‘302’ ಎನ್ನುತ್ತಾನೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅಂದಿನಿಂದೀಚೆಗೆ ನಡೆದ ಕೊಲೆಯಾದರೆ ಸೆಕ್ಷನ್ 103. ಅದಕ್ಕೂ ಮೊದಲಿನದಾದರೆ ಹಳೆಯ ದಂಡ ಸಂಹಿತೆಯ 302. ನಿನ್ನ ಕತೆಯ ಹೆಣ ಬಿದ್ದದ್ದು ಯಾವ ತಾರೀಖು ಎಂದು ಮೊದಲು ತೀರ್ಮಾನ ಮಾಡು. ಆ ದೃಶ್ಯವನ್ನು ತಿದ್ದಿ, ಮುಂದಿನ ಎರಡು ದೃಶ್ಯಗಳನ್ನೂ ಸೇರಿಸಿ ಕಳಿಸು. ಯಾವುದಾದರೂ ನಿರ್ಮಾಣ ಸಂಸ್ಥೆಗೆ ಇಮೇಲ್ ಮಾಡುವ ಮುನ್ನ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸ್ಕ್ರಿಪ್ಟ್ ನೋಂದಾಯಿಸು. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡಬಹುದು.

ಇಂತಿ,
ನಿನ್ನ ಹಿತೈಷಿ