ಗೇಮ್ ಸರ್ವರ್‌ಗೆ ಕನೆಕ್ಟ್ ಆಗದಿದ್ದರೆ ಅಳಿಸುವ ಮೊದಲು ರೂಟರ್ ದೀಪ ನೋಡಿ

ಕಂಪ್ಯೂಟರ್ ಗೇಮ್ ‘ಸರ್ವರ್‌ಗೆ ಕನೆಕ್ಟ್ ಆಗುತ್ತಿಲ್ಲ’ ಎಂದ ಕೂಡಲೇ ಹೆಚ್ಚಿನ ಹುಡುಗರು ಅದನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಕೂರುತ್ತಾರೆ. ಮಳವಳ್ಳಿ ಬಳಿಯ ಬೆಳಕವಾಡಿಯಂಥ ಊರಿನಲ್ಲಿ ಇದು ದೊಡ್ಡ ನಷ್ಟದ ಕೆಲಸ. ಜಿಟಿಎ 5ರಂಥ ಗೇಮ್ ಸುಮಾರು 100 ಜಿಬಿ ತೂಗುತ್ತದೆ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕ್ ನಂಬಿಕೊಂಡವರಿಗೆ ಅದನ್ನು ಮತ್ತೆ ಇಳಿಸಿಕೊಳ್ಳಲು 50 ದಿನ ಬೇಕು. ಅಷ್ಟು ಮಾಡಿದರೂ ತೊಂದರೆ ಹೋಗುವುದು ಅಪರೂಪ, ಏಕೆಂದರೆ ದೋಷ ಸಾಮಾನ್ಯವಾಗಿ ಗೇಮ್‌ನ ಫೈಲುಗಳಲ್ಲಿ ಇರುವುದೇ ಇಲ್ಲ.

ನಿಮ್ಮ ಕಂಪ್ಯೂಟರಿನಿಂದ ಹೊರಟ ಸಂದೇಶ ಮನೆಯ ರೂಟರ್, ಬೀದಿಯ ಕಂಬದ ಮೇಲಿನ ಫೈಬರ್, ಇಂಟರ್ನೆಟ್ ಕಂಪನಿಯ ಕೇಂದ್ರ, ಇವನ್ನೆಲ್ಲ ದಾಟಿ ಮುಂಬೈ ಅಥವಾ ಚೆನ್ನೈನ ಸರ್ವರ್ ಮುಟ್ಟಬೇಕು. ಎಲ್ಲಿ ಕಡಿದಿದೆ ಎಂದು ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಮೊದಲು ಗೆಳೆಯರಿಗೊಂದು ಮೆಸೇಜ್ ಹಾಕಿ. ಅವರಿಗೂ ಗೇಮ್ ತೆರೆಯದಿದ್ದರೆ ತಪ್ಪು ಸರ್ವರ್‌ನದು, ಕಾಯುವುದೇ ಮದ್ದು. ಸ್ಟೀಮ್‌ನ ವಾರದ ನಿರ್ವಹಣೆ ಅಮೆರಿಕದ ಮಂಗಳವಾರ ನಡೆಯುತ್ತದೆ. ನಮ್ಮಲ್ಲಿ ಆಗ ಬುಧವಾರ ಬೆಳಗಿನ ಜಾವ. ಆ ಹೊತ್ತಿನಲ್ಲಿ ಕೌಂಟರ್ ಸ್ಟ್ರೈಕ್ 2 ಸಿಗದಿದ್ದರೆ ಗಾಬರಿ ಬೇಡ.

ಪರದೆಯ ಮೇಲಿನ ಎರರ್ ಕೋಡನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎಲ್ಲ ಕೋಡುಗಳೂ ನೆಟ್‌ವರ್ಕ್‌ಗೆ ಸಂಬಂಧಿಸಿದವಲ್ಲ. ವ್ಯಾಲರಂಟ್‌ನಲ್ಲಿ ‘ವ್ಯಾನ್ 9003’ ಎಂದು ಬಂದರೆ ಕಂಪ್ಯೂಟರಿನ ‘ಸೆಕ್ಯೂರ್ ಬೂಟ್’ ಎಂಬ ಭದ್ರತಾ ಸೆಟ್ಟಿಂಗ್ ಆಫ್ ಆಗಿದೆ ಎಂದರ್ಥ. ಆಗ ರೂಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ.

ದೀಪ ಹೇಳುವ ಸುದ್ದಿ

ಗೆಳೆಯರಿಗೆಲ್ಲ ಸರಿಯಿದ್ದು ನಿಮಗೆ ಮಾತ್ರ ತೊಂದರೆಯಿದ್ದರೆ ಎದ್ದುಹೋಗಿ ಫೈಬರ್ ರೂಟರ್ ನೋಡಿ. ‘ಪಾನ್’ ದೀಪ ಸ್ಥಿರವಾಗಿ ಹಸಿರು ಉರಿಯುತ್ತಿರಬೇಕು. ‘ಲಾಸ್’ ಎಂಬ ದೀಪ ಕೆಂಪಗೆ ಮಿಟುಕುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ. ಮಳವಳ್ಳಿ, ಮದ್ದೂರು ಕಡೆ ಕಬ್ಬಿನ ಲೋಡ್ ಹೊತ್ತ ಟ್ರ್ಯಾಕ್ಟರಿಗೆ ತಗುಲಿಯೋ, ತೆಂಗಿನ ಗರಿ ಬಿದ್ದೋ, ಕೋತಿ ಎಳೆದೋ ಅಡ್ಡರಸ್ತೆಯ ಕೇಬಲ್ ಹರಿದುಹೋಗಬಹುದು. ಮನೆಯೊಳಗೂ ಒಮ್ಮೆ ಕಣ್ಣಾಡಿಸಿ: ತೆಳ್ಳಗಿನ ಫೈಬರ್ ತಂತಿ ಬಾಗಿಲ ಸಂದಿಗೆ ಸಿಕ್ಕಿದೆಯೇ, ಮೊಳೆಗೆ ಬಿಗಿಯಾಗಿ ಸುತ್ತಿದೆಯೇ? ಗಾಜಿನ ಎಳೆಯನ್ನು ತುಂಬ ಮಡಿಸಿದರೆ ಒಳಗಿನ ಬೆಳಕು ಸೋರಿಹೋಗುತ್ತದೆ.

ದೀಪ ಹಸಿರಿದ್ದರೂ ಆಟ ಪದೇಪದೇ ಕಡಿದುಹೋಗುತ್ತಿದ್ದರೆ ಬೆಳಕಿನ ಶಕ್ತಿಯನ್ನೇ ನೋಡಬಹುದು. ಬ್ರೌಸರಿನಲ್ಲಿ 192.168.1.1 ಹಾಕಿದರೆ ಹಲವು ರೂಟರುಗಳ ಪುಟ ತೆರೆಯುತ್ತದೆ. ಅಲ್ಲಿ ‘ಆರ್‌ಎಕ್ಸ್ ಪವರ್’ ಎಂಬ ಸಾಲಿರುತ್ತದೆ. ಅದು ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಸರಿ. ಮೈನಸ್ 27 ದಾಟಿ ಕೆಳಗಿಳಿದಿದ್ದರೆ ಜಾಯಿಂಟ್ ಕೆಟ್ಟಿದೆ ಅಥವಾ ಕನೆಕ್ಟರ್‌ನಲ್ಲಿ ದೂಳು ಸೇರಿದೆ. ಈ ಒಂದು ಸಂಖ್ಯೆ ಹೇಳಿದರೆ ಕೇಬಲ್‌ನವರು ‘ನಮ್ಮ ಕಡೆಯಿಂದ ಎಲ್ಲ ಸರಿಯಿದೆ’ ಎಂದು ಸುಲಭವಾಗಿ ಫೋನ್ ಇಡಲಾರರು.

ಮೂರು ಪಿಂಗ್

ಈಗ ಕಂಪ್ಯೂಟರಿಗೆ ಬನ್ನಿ. ವಿಂಡೋಸ್ ಕೀ ಮತ್ತು ‘ಆರ್’ ಒಟ್ಟಿಗೆ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ ಸಿ, ಎಂ, ಡಿ ಎಂದು ಬರೆದು ಎಂಟರ್ ಕೊಡಿ. ತೆರೆದ ಕಪ್ಪು ಕಿಟಕಿಯಲ್ಲಿ ‘ಪಿಂಗ್’ ಎಂದು ಇಂಗ್ಲಿಷಿನಲ್ಲೇ ಬರೆದು, ಒಂದು ಜಾಗ ಬಿಟ್ಟು ರೂಟರಿನ ವಿಳಾಸ, ಮತ್ತೊಂದು ಜಾಗ ಬಿಟ್ಟು ಹೈಫನ್ ಹಾಗೂ ‘ಟಿ’ ಬರೆಯಿರಿ. ಎರಡು ನಿಮಿಷ ಸುಮ್ಮನೆ ಗಮನಿಸಿ. ಕೇಬಲ್ ಹಾಕಿದ್ದರೆ ಉತ್ತರ 1 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬರಬೇಕು. ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದರೆ ದೋಷ ನಿಮ್ಮ ಮನೆಯೊಳಗೇ ಇದೆ.

ಅದು ಸರಿಯಿದ್ದರೆ ಕಂಟ್ರೋಲ್ ಮತ್ತು ‘ಸಿ’ ಒತ್ತಿ ನಿಲ್ಲಿಸಿ, ಅದೇ ರೀತಿ ಹೊರಗಿನ ಸರ್ವರ್ 8.8.8.8ಕ್ಕೆ ಪಿಂಗ್ ಮಾಡಿ. ರೂಟರ್ ಚೆನ್ನಾಗಿ ಉತ್ತರಿಸಿ ಇಲ್ಲಿ ತಪ್ಪುತ್ತಿದ್ದರೆ ತೊಂದರೆ ಹೊರಗಿನ ಲೈನಿನದು. ಇದೂ ಸರಿಯಿದ್ದರೆ ಯಾವುದಾದರೂ ಪ್ರಸಿದ್ಧ ವೆಬ್‌ಸೈಟಿನ ಹೆಸರಿಗೆ ಪಿಂಗ್ ಮಾಡಿ. ಸಂಖ್ಯೆಗೆ ಉತ್ತರ ಬಂದು ಹೆಸರು ಸಿಗಲಿಲ್ಲ ಎಂದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ಕೆಟ್ಟಿದೆ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಮತ್ತು 8.8.8.8 ಹಾಕಿದರೆ ಸರಿಹೋಗುತ್ತದೆ.

ಪಿಂಗ್, ಅಂದರೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ, ಎಷ್ಟಿರಬೇಕು ಎಂದು ಹಲವರು ಕೇಳುತ್ತಾರೆ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ನಮ್ಮಿಂದ ಸಾವಿರ ಕಿ.ಮೀ. ಆಚೆಯ ಮುಂಬೈಗೆ ಹೋಗಿಬರಲು 10 ಮಿಲಿಸೆಕೆಂಡ್ ಬೇಕೇಬೇಕು. ದಾರಿಯ ಸುತ್ತುಬಳಸು ಸೇರಿ 30ರಿಂದ 50 ಬಂದರೆ ಒಳ್ಳೆಯ ಲೈನ್. ಗೇಮ್ ನಿಮ್ಮನ್ನು ಸಿಂಗಪುರದ ಸರ್ವರ್‌ಗೆ ತಳ್ಳಿದ್ದರೆ ಪಿಂಗ್ ಹೆಚ್ಚುತ್ತದೆ, ಯಾವ ಪ್ಲಾನ್ ಹಾಕಿಸಿದರೂ ಆ ದೂರ ಕಡಿಮೆಯಾಗದು. ಕೌಂಟರ್ ಸ್ಟ್ರೈಕ್ 2ರ ಸೆಟ್ಟಿಂಗ್ಸ್‌ನಲ್ಲಿ ಗರಿಷ್ಠ ಪಿಂಗ್ ಮಿತಿ ಇಡುವ ಸೌಲಭ್ಯವಿದೆ, ಬಳಸಿಕೊಳ್ಳಿ. ಹಣ ಕೊಟ್ಟರೆ ಪಿಂಗ್ ಇಳಿಸುತ್ತೇವೆ ಎನ್ನುವ ಆ್ಯಪ್‌ಗಳಿಗೆ ಈ ದೂರವನ್ನು ಕುಗ್ಗಿಸುವ ಶಕ್ತಿಯಿಲ್ಲ. ಅವುಗಳಿಗೆ ಹಣ ಹಾಕಬೇಡಿ.

ಮನೆಯೊಳಗಿನ ದೋಷ

ರೂಟರನ್ನು ಟಿ.ವಿ. ಹಿಂದೆಯೋ ಕಬ್ಬಿಣದ ಬೀರುವಿನ ಪಕ್ಕದಲ್ಲೋ ಇಟ್ಟಿರುವ ಮನೆಗಳೇ ಜಾಸ್ತಿ. ಹಳೆಯ ಮನೆಗಳ ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಕಷ್ಟ. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ ಮತ್ತು ಬ್ಲೂಟೂತ್ ಕೂಡ ಅದರಲ್ಲೇ ಓಡಾಡುವುದರಿಂದ ಗಲಿಬಿಲಿ ಹೆಚ್ಚು. ಆಟ ಆಡುವ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಎಳೆಯಿರಿ ಎಂಬುದೇ ನನ್ನ ಖಚಿತ ಸಲಹೆ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೂ ಕೆಲಸ ಮಾಡುತ್ತದೆ, ಯಾವ ಮನೆಗೂ ಅಷ್ಟು ಸಾಕು. ಮೊಬೈಲ್ ಹಾಟ್‌ಸ್ಪಾಟ್ ಒಂದೇ ದಾರಿ ಎನ್ನುವವರು ಫೋನನ್ನು ಯುಎಸ್‌ಬಿ ವಯರಿನಿಂದ ಕಂಪ್ಯೂಟರಿಗೆ ಜೋಡಿಸಿ ಟೆದರಿಂಗ್ ಆನ್ ಮಾಡಿ. ವೈಫೈ ಹಾಟ್‌ಸ್ಪಾಟ್‌ಗಿಂತ ಅದು ಸ್ಥಿರ.

ಕಡೆಗಣಿಸಬಾರದ ಇನ್ನೊಂದು ಸಂಗತಿ ಗಡಿಯಾರ. ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನಲ್ಲಿ ಸಿಆರ್ 2032 ಎಂಬ ನಾಣ್ಯದಾಕಾರದ ಬ್ಯಾಟರಿಯಿದೆ. ಅದು ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ ಕಂಪ್ಯೂಟರಿಗೆ ಸರ್ವರ್‌ನ ಭದ್ರತಾ ಪ್ರಮಾಣಪತ್ರ ಸಿಂಧುವಾಗಿ ಕಾಣುವುದಿಲ್ಲ, ಲಾಗಿನ್ ಆಗುವುದೇ ಇಲ್ಲ. ಬ್ಯಾಟರಿ ಬದಲಿಸಿ, ಸಮಯ ಸರಿಪಡಿಸಿ.

ಜಿಟಿಎ ಆನ್‌ಲೈನ್‌ನಲ್ಲಿ ‘ನ್ಯಾಟ್ ಸ್ಟ್ರಿಕ್ಟ್’ ಎಂದು ಬಂದು ಗೆಳೆಯರ ಜೊತೆ ಸೇರಲಾಗದಿದ್ದರೆ ರೂಟರ್ ಪುಟದಲ್ಲಿ ‘ವ್ಯಾನ್ ಐಪಿ’, ಅಂದರೆ ರೂಟರಿನ ಹೊರಗಿನ ವಿಳಾಸ, ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ಒಂದೇ ಐಪಿಯನ್ನು ಕಂಪನಿ ಹಲವು ಮನೆಗಳಿಗೆ ಹಂಚಿದೆ. ಪೋರ್ಟ್ ಫಾರ್ವರ್ಡ್ ಮಾಡಿ ಫಲವಿಲ್ಲ, ಸ್ಥಿರ ಐಪಿ ಕೇಳಬೇಕು.

ಕರೆಂಟ್ ಹೋದಾಗ

1902ರಲ್ಲೇ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ಬೆಳಕವಾಡಿಗೆ ಹತ್ತಿರದಲ್ಲೇ ಇದೆ. ಆದರೂ ಗಾಳಿಮಳೆ ಬಂದರೆ ಇಲ್ಲೂ ಕರೆಂಟ್ ಹೋಗಿಬರುತ್ತದೆ. ಎರಡು ಸೆಕೆಂಡ್ ಹೋದರೂ ರೂಟರ್ ಮತ್ತೆ ಎದ್ದು ನಿಲ್ಲಲು ಎರಡು ಮೂರು ನಿಮಿಷ ಬೇಕು, ಅಷ್ಟರಲ್ಲಿ ಪಂದ್ಯ ಹೋಗಿರುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಇಟ್ಟು ರೂಟರನ್ನು ಮರೆಯಬೇಡಿ. ಅಡಾಪ್ಟರಿನ ಮೇಲಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಂಡು ಅದಕ್ಕೆ ಹೊಂದುವ ಮಿನಿ ಯುಪಿಎಸ್ ತನ್ನಿ. ಅದನ್ನು ಹಾಕಿದ ಮೇಲೂ ಕರೆಂಟ್ ಜೊತೆಗೇ ನೆಟ್ ಹೋಗುತ್ತಿದ್ದರೆ ಬೀದಿಯಲ್ಲಿರುವ ಕೇಬಲ್‌ನವರ ಪೆಟ್ಟಿಗೆಗೆ ಬ್ಯಾಟರಿಯಿಲ್ಲ ಎಂದು ತಿಳಿಯಿರಿ. ಬೀದಿಯವರೆಲ್ಲ ಸೇರಿ ಕೇಳಿದರೆ ಅವರು ಹಾಕಿಸಿಯಾರು.

ದೂರು ಕೊಡುವಾಗ ‘ನೆಟ್ ಸ್ಲೋ’ ಎಂದಷ್ಟೇ ಹೇಳಬೇಡಿ. ಕಡಿದ ಸಮಯ, ಪಿಂಗ್ ಕಿಟಕಿಯ ಫೋಟೊ, ಆರ್‌ಎಕ್ಸ್ ಪವರ್ ಮೂರನ್ನೂ ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಸ್ಟಮರ್ ಕೇರ್ ನಂಬರನ್ನು ಕಂಪನಿಯ ಬಿಲ್ಲಿನಿಂದಲೇ ತೆಗೆದುಕೊಳ್ಳಿ. ಯಾರಾದರೂ ಒಟಿಪಿ ಕೇಳಿದರೆ ಫೋನ್ ಇಡಿ, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹರಿದ ಕೇಬಲ್ ಕಟ್ಟಲು ಮಾತ್ರ ಯಾವ ಕಾರಣಕ್ಕೂ ಕಂಬ ಹತ್ತಬೇಡಿ, ಮಕ್ಕಳನ್ನೂ ಹತ್ತಿಸಬೇಡಿ: ಫೈಬರ್ ಎಳೆದಿರುವ ಕಂಬದಲ್ಲೇ ವಿದ್ಯುತ್ ತಂತಿಯೂ ಇರುತ್ತದೆ.