ಎತ್ತಿಗೆ ಹಲ್ಲು ನೋಡುವವರು ಬೈಕಿಗೆ ಚಾಸಿ ನಂಬರ್ ನೋಡಬೇಡವೇ?

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಿಮ್ಮ ಅಜ್ಜ ಹೇಗೆ ನೋಡುತ್ತಿದ್ದರು, ಮನೆಯಲ್ಲಿ ಕೇಳಿ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಮೈಮೇಲಿನ ಸುಳಿ ಹುಡುಕುತ್ತಿದ್ದರು. ಹತ್ತು ಹೆಜ್ಜೆ ನಡೆಸಿ, ಸಾಧ್ಯವಾದರೆ ನೊಗಕ್ಕೂ ಹೂಡಿ, ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರು. ಅವರ ಮೊಮ್ಮಕ್ಕಳಾದ ನೀವು ಐವತ್ತು ಸಾವಿರದ ಸೆಕೆಂಡ್ ಹ್ಯಾಂಡ್ ಬೈಕನ್ನು ಮೊಬೈಲಿನಲ್ಲಿ ನಾಲ್ಕು ಫೋಟೊ ನೋಡಿ ಗೊತ್ತು ಮಾಡಿಕೊಂಡು ಬರುತ್ತೀರಿ. ಇದು ಸರಿಯಲ್ಲ. ಬೈದರೂ ಬೇಸರಪಡದೆ ಕೇಳುತ್ತೀರಿ ಎಂಬ ನಂಬಿಕೆಯಿಂದ ಹೇಳುತ್ತಿದ್ದೇನೆ.

ಬೈಕೇ ಬೇಡ ಎನ್ನುವುದಿಲ್ಲ. ಚನ್ನಗಿರಿಯ ಕಡೆ ತೋಟಕ್ಕೆ ಹೋಗಿ ಬರಲು, ನ್ಯಾಮತಿಯಿಂದ ಶಿವಮೊಗ್ಗದ ಕಾಲೇಜು ಮುಟ್ಟಲು, ಜಗಳೂರಿನ ಹಳ್ಳಿಗಳಿಂದ ಹೊತ್ತಲ್ಲದ ಹೊತ್ತಿನಲ್ಲಿ ದಾವಣಗೆರೆಯ ಆಸ್ಪತ್ರೆಗೆ ಓಡಲು ಅದು ಬೇಕೇ ಬೇಕು. ಹೊಸದು ಕೈಗೆಟಕದಿದ್ದರೆ ಹಳೆಯದು ಕೊಳ್ಳುವುದು ಜಾಣತನವೇ. ನನ್ನ ತಕರಾರು ಇರುವುದು ಒಂದೇ ಮಾತಿನ ಮೇಲೆ: "ಗುರ್ತಿನೋರ ಗಾಡಿ, ಏನೂ ಆಗಲ್ಲ ಬಿಡಿ."

ನಮ್ಮ ಅಣ್ಣನ ಮಗ ಹೊನ್ನಾಳಿಯಲ್ಲಿ ಹೀಗೆಯೇ ಗುರ್ತಿನವರ ಮಾತಿನ ಮೇಲೆ ಬೈಕ್ ತಂದ. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಮೂರನೇ ತಿಂಗಳು ಫೈನಾನ್ಸ್‌ನವರು ಬಂದು ಮನೆಮುಂದಿನಿಂದಲೇ ಎತ್ತಿಕೊಂಡು ಹೋದರು. ಮಾರಿದಾತ ಕಂತು ಬಾಕಿ ಇಟ್ಟಿದ್ದ, ಆಮೇಲೆ ಫೋನ್ ತೆಗೆಯಲಿಲ್ಲ. ನಡುವೆ ನಿಂತವರು "ನನಗೇನು ಗೊತ್ತಿತ್ತು" ಎಂದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು? ಅಂದಿನಿಂದ ನಮ್ಮ ಮನೆಯಲ್ಲಿ ಗುರ್ತಿಗೆ ಕಾಫಿ, ಗಾಡಿಗೆ ಕಾಗದ.

ಹಾಗಾಗಿ ಗಾಡಿಗಿಂತ ಮೊದಲು ಆರ್‌ಸಿ ಕೇಳಿ. ಜೆರಾಕ್ಸ್ ತೋರಿಸಿದರೆ, ಮೂಲ ಕಾರ್ಡ್ ತರುವವರೆಗೆ ಮಾತು ಮುಂದುವರಿಸಬೇಡಿ. ಕಾರ್ಡಿನಲ್ಲಿರುವ ಹೆಸರಿನವರೇ ಎದುರಿಗೆ ಬರಬೇಕು, ಅವರ ಆಧಾರ್ ಕಾರ್ಡ್ ನೋಡಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಗಾಡಿ ಆಗಲಿ, ಆಮೇಲೆ ನಿಮ್ಮ ವ್ಯಾಪಾರ. ಅಲ್ಲೇ ನಿಂತು ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. ಹೆಸರಿನ ಕೆಲವು ಅಕ್ಷರಗಳನ್ನಷ್ಟೇ ತೋರಿಸಿದರೂ ನೋಂದಣಿಯ ದಿನ, ವಿಮೆ ಯಾವಾಗ ಮುಗಿಯುತ್ತದೆ ಎಂಬುದೆಲ್ಲ ಸಿಗುತ್ತದೆ. ಕಾರ್ಡಿನಲ್ಲಿ ಸಾಲದ ಗುರುತು ಇದ್ದರೆ ಬ್ಯಾಂಕಿನ ಅಥವಾ ಫೈನಾನ್ಸಿನ ಎನ್‌ಓಸಿ ಮತ್ತು ಫಾರಂ 35 ಎರಡೂ ಬೇಕು. "ಸಾಲ ತೀರಿಸಿಯಾಗಿದೆ, ಕಾಗದ ಮಾತ್ರ ಬಂದಿಲ್ಲ" ಎಂದರೆ ಕಾಗದ ಬಂದ ಮೇಲೆ ಬರುತ್ತೇವೆ ಎಂದು ನಗುನಗುತ್ತಾ ಎದ್ದು ಬನ್ನಿ.

ಇನ್ನು ಚಾಸಿ ನಂಬರ್. ಹ್ಯಾಂಡಲ್ ಕೂರುವ ಕೊಳವೆಯ ಪಕ್ಕದಲ್ಲಿ ಅದನ್ನು ಕೊರೆದಿರುತ್ತಾರೆ. ಎಂಜಿನ್ ನಂಬರ್ ಎಂಜಿನ್ನಿನ ಮೈಮೇಲೇ ಇರುತ್ತದೆ. ಬಟ್ಟೆಯಿಂದ ಒರೆಸಿ, ಮೊಬೈಲ್ ಬೆಳಕು ಬಿಟ್ಟು, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಈಗಿನ ಗಾಡಿಗಳಿಗೆ ಒಟ್ಟು 17 ಅಕ್ಷರ ಮತ್ತು ಅಂಕಿ ಇರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆ ಅಂಕಿಗಳ ಜೊತೆ ಗೊಂದಲವಾಗದಿರಲಿ ಎಂದು. ಅಕ್ಷರದ ಸಾಲು ಸೊಟ್ಟಗಿದ್ದರೆ, ಆ ಜಾಗದಲ್ಲಿ ಮಾತ್ರ ಉಜ್ಜಿದ ಗುರುತೋ ಹೊಸ ಬಣ್ಣವೋ ಕಂಡರೆ ಕೈ ಹಾಕಬೇಡಿ. ಕದ್ದ ಮಾಲು ಎಂದು ನಂಬಲು ಕಾರಣವಿದ್ದೂ ಕೊಂಡವರನ್ನು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಬಿಡುವುದಿಲ್ಲ. ಅರ್ಧ ಬೆಲೆಗೆ, ಆರ್‌ಸಿ ಇಲ್ಲದೆ ಸಿಕ್ಕ ಗಾಡಿಗಿಂತ ದೊಡ್ಡ ಕಾರಣ ಇನ್ನೇನು ಬೇಕು? ಪೊಲೀಸರ ಮುಂದೆ "ಗೊತ್ತಿರಲಿಲ್ಲ ಸಾರ್" ಎಂದು ನಿಲ್ಲುವ ಪಾಡು ನಿಮಗೆ ಬೇಡ.

ನಂಬರ್ ಪ್ಲೇಟನ್ನೂ ಮುಟ್ಟಿ ನೋಡಿ. 2019ರ ಏಪ್ರಿಲ್ 1ರಿಂದೀಚೆಗೆ ತಯಾರಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಜೊತೆಗೇ ಬರುತ್ತದೆ. ಹಳೆಯವುಗಳಿಗೂ ಅದು ಬೇಕೆಂದು ನಮ್ಮ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶ ಮಾಡಿತು. ಅಸಲಿ ಪ್ಲೇಟಿನಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಒಮ್ಮೆ ಬಿಚ್ಚಿದರೆ ಮುರಿದೇ ಹೋಗುವ ಲಾಕ್ ಇರುತ್ತವೆ. ಅದೇ ಥರ ಕಾಣುವ ಸ್ಟಿಕ್ಕರ್ ಅಂಟಿಸಿದವೂ ಇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಗಾಡಿ ನೋಡಲು ಹಗಲಲ್ಲೇ ಹೋಗಿ, ನಿಮ್ಮದೇ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಅವನಿಗೆ ಕೊಡುವ ಮುನ್ನೂರು ರೂಪಾಯಿಗೆ ಜಿಪುಣತನ ಮಾಡಬೇಡಿ. ಮೊದಲು ಸೈಲೆನ್ಸರ್ ಹತ್ತಿರ ಕೈ ಒಯ್ದು ನೋಡಿ. ಬಿಸಿ ಹೊಡೆಯುತ್ತಿದ್ದರೆ ನೀವು ಬರುವ ಮುಂಚೆಯೇ ಓಡಿಸಿಟ್ಟಿದ್ದಾರೆ. ಆರುವವರೆಗೆ ಕಾಯಿರಿ, ಏಕೆಂದರೆ ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಬೋರ್ ಕೆಲಸದ ಖರ್ಚು ಕಾದಿದೆ. ಹಿಂದೆ ನಿಂತು ಎರಡೂ ಚಕ್ರ ಒಂದೇ ಸಾಲಿನಲ್ಲಿವೆಯೇ ನೋಡಿ. ಮೀಟರ್ ತಿರುಗಿಸುವುದು ಕಷ್ಟದ ಕೆಲಸವಲ್ಲ, ಡಿಜಿಟಲ್ ಮೀಟರಿನದೂ ಅದೇ ಕಥೆ. ಹಾಗಾಗಿ ಹನ್ನೆರಡು ಸಾವಿರ ಕಿಲೋಮೀಟರ್ ಎಂದು ತೋರಿಸುವ ಗಾಡಿಯ ಫುಟ್‌ರೆಸ್ಟ್ ರಬ್ಬರು, ಬ್ರೇಕ್ ಪೆಡಲ್ಲು ಸವೆದು ನುಣ್ಣಗಾಗಿದ್ದರೆ ಮೀಟರನ್ನು ನಂಬದೆ ಅವನ್ನೇ ನಂಬಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಎಂದಿದ್ದರೆ ಆ ಟಯರು ತಯಾರಾದದ್ದು 2019ರ 23ನೇ ವಾರದಲ್ಲಿ. ಗಾಡಿ ಅದಕ್ಕಿಂತ ಹಳೆಯದಾಗಿದ್ದರೆ ಟಯರು ಒಮ್ಮೆ ಬದಲಾಗಿದೆ ಎಂದಾಯಿತು. ಅಷ್ಟು ಕಡಿಮೆ ಓಡಿದ ಗಾಡಿಗೆ ಏಕೆ ಬದಲಾಯಿತು ಎಂದು ಕೇಳಿ.

ಹೊನ್ನಾಳಿಯವರಿಗೆ ಒಂದು ಮಾತು ಹೆಚ್ಚು. ತುಂಗಭದ್ರೆ ಉಕ್ಕಿದ ವರ್ಷ ತಗ್ಗಿನ ಮನೆಗಳ ಜೊತೆ ಗಾಡಿಗಳೂ ನೀರು ಕುಡಿಯುತ್ತವೆ. ಸೀಟಿನ ಕೆಳಗೆ, ಹೆಡ್‌ಲೈಟಿನ ಒಳಗೆ, ವೈರುಗಳ ಸಂದಿಯಲ್ಲಿ ಒಣಗಿದ ಕೆಸರು ಇದೆಯೇ ನೋಡಿ. ಮೇಲೆ ಎಷ್ಟೇ ಪಾಲಿಶ್ ಹೊಡೆದರೂ ಸಂದಿಯ ಮಣ್ಣು ಹೋಗುವುದಿಲ್ಲ.

ಮೊಬೈಲಿನ ವ್ಯಾಪಾರದ ವಿಷಯಕ್ಕೆ ಬರೋಣ. "ನಾನು ಮಿಲಿಟರಿಯವನು, ವರ್ಗವಾಗಿದೆ, ಗಾಡಿ ಅಗ್ಗಕ್ಕೆ ಕೊಡುತ್ತೇನೆ" ಎಂದು ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕಳಿಸುತ್ತಾರೆ. ಸೈನಿಕರೆಂದರೆ ನಮಗಿರುವ ಗೌರವವೇ ಅವರ ಬಂಡವಾಳ. ಮೊದಲು ಸಾಗಾಣಿಕೆ ಖರ್ಚು ಎನ್ನುತ್ತಾರೆ, ಆಮೇಲೆ ಗೇಟ್ ಪಾಸ್, ಆಮೇಲೆ ವಾಪಸು ಬರುವ ಡೆಪಾಸಿಟ್. ಗಾಡಿ ಮಾತ್ರ ಬರುವುದೇ ಇಲ್ಲ. ನೀರಲ್ಲಿದ್ದ ಎಮ್ಮೆಗೆ ವ್ಯಾಪಾರ ಮಾಡುವುದು ಬೇಡ: ಕಣ್ಣಿಂದ ನೋಡದ ಗಾಡಿಗೆ ನೂರು ರೂಪಾಯಿ ಅಡ್ವಾನ್ಸ್ ಕೂಡ ಕಳಿಸಬೇಡಿ. ನೀವೇ ಮಾರುವವರಾದರೆ, "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಎನ್ನುವವರು ಸಿಗುತ್ತಾರೆ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸಲು. ಬರುವ ದುಡ್ಡಿಗೆ ಪಿನ್ ಒತ್ತುವ ಕೆಲಸವೇ ಇಲ್ಲ. ಸ್ಕ್ರೀನ್‌ಶಾಟ್ ನೋಡಿ ಕೀಲಿ ಕೊಡಬೇಡಿ, ನಿಮ್ಮ ಖಾತೆಯ ಬ್ಯಾಲೆನ್ಸ್ ನೋಡಿ ಕೊಡಿ. ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಆ ಗಳಿಗೆಯಲ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಮೇಲೆ ದಾವಣಗೆರೆಯ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ ದೂರು ಕೊಡಿ.

ನನಗೆ ನಿಜವಾಗಿ ಸಿಟ್ಟು ಬರುವುದು ಮುಂದಿನ ವಿಷಯಕ್ಕೆ. ಗಾಡಿಯ ಹೆಸರು ಬದಲಿಸುವ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿಸಿ, ಆರ್‌ಸಿಯ ಜೊತೆ ಮಡಚಿ ಬೀರುವಿನಲ್ಲಿ ಇಟ್ಟುಬಿಡುತ್ತೀರಿ. "ಮುಂದೆ ಮಾರುವಾಗ ಅವರ ಹೆಸರಿಂದಲೇ ಮಾರಿದರಾಯಿತು, ಖರ್ಚು ಉಳಿಯಿತು" ಎಂದು ಲೆಕ್ಕ. ಇದೆಂಥ ಉಳಿತಾಯ? ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು ಎಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಮಾರಿದವರಿಗೂ ಇದು ಆಟವಲ್ಲ. ಗಾಡಿ ಕೈಬದಲಾಗಿ ಎಷ್ಟು ದಿನವಾಗಿದ್ದರೂ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಎಂದೋ ಮಾರಿದ ಬೈಕಿಗಾಗಿ ತೋಟ ಅಡವಿಡುವ ಹಾಗೆ ಯಾರಿಗೂ ಆಗದಿರಲಿ. ಚನ್ನಗಿರಿ, ನ್ಯಾಮತಿ, ಜಗಳೂರು, ಹೊನ್ನಾಳಿ, ನಮ್ಮ ಈ ನಾಲ್ಕೂ ತಾಲ್ಲೂಕಿಗೆ ಕೆಎ 17ರ ದಾವಣಗೆರೆ ಕಚೇರಿಯೇ ಇದೆ. ಒಂದು ದಿನದ ಕೂಲಿ ಹೋದರೂ ಇಬ್ಬರೂ ಕೂಡಿ ಆ ಕೆಲಸ ಮುಗಿಸಿ. ಪೂರ್ತಿ ಹಣ ಅದಾದ ಮೇಲೆ ಕೊಡುತ್ತೇನೆ ಎಂದು ಸ್ವಲ್ಪ ಉಳಿಸಿಕೊಳ್ಳುವುದೂ ತಪ್ಪಲ್ಲ. ಹೊರರಾಜ್ಯದ ಗಾಡಿಗೆ ಅಲ್ಲಿಯ ಎನ್‌ಓಸಿ, ಇಲ್ಲಿಯ ತೆರಿಗೆ ಎರಡೂ ಸೇರುತ್ತವೆ. ಅದನ್ನೆಲ್ಲ ಕೂಡಿಸಿ ನೋಡಿದರೆ ಅಗ್ಗ ಎನಿಸಿದ್ದು ಅಗ್ಗವಾಗಿ ಉಳಿಯುವುದು ಅಪರೂಪ.

ಮಕ್ಕಳಿಗೆ ಗೇರ್ ಸೈಕಲ್ ಕೊಡಿಸುವವರೂ ಸ್ವಲ್ಪ ಕೇಳಿ. ಸೈಕಲ್ಲಿಗೆ ಆರ್‌ಸಿ ಇಲ್ಲ, ಆದರೆ ಪೆಡಲ್ ತಿರುಗುವ ಜಾಗದ ಅಡಿಯಲ್ಲಿ ಫ್ರೇಮ್ ನಂಬರ್ ಇರುತ್ತದೆ. ಅದನ್ನು ಉಜ್ಜಿದ್ದರೆ, ಅಂಗಡಿಯ ಬಿಲ್ ಇಲ್ಲದಿದ್ದರೆ, ದೊಡ್ಡ ಕಂಪನಿಯ ಸ್ಟಿಕ್ಕರ್ ನೋಡಿ ಮರುಳಾಗಬೇಡಿ.

ಮತ್ತೆ ಬೈಕಿಗೆ ಬರೋಣ: ಅದು ಕೈಬದಲಾದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಹೊಸ ಆರ್‌ಸಿ ಕೈಗೆ ಬಂದ ದಿನ ಹೆಸರು, ಚಾಸಿ ನಂಬರ್ ಮತ್ತೊಮ್ಮೆ ಓದಿ, ಒಂದು ಜೆರಾಕ್ಸ್ ಅಮ್ಮನ ಕೈಗೆ ಕೊಡಿ. ಮತ್ತೆ, ಗಾಡಿಯ ಜೊತೆ ಪುಕ್ಕಟೆ ಕೊಡುವ ಹಳೆಯ ಹೆಲ್ಮೆಟ್ ಬೇಡ. ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವುದೂ ಬೇಡ, ಐಎಸ್‌ಐ ಗುರುತನ್ನೂ ನಕಲಿ ಮಾಡುತ್ತಾರೆ. ಐಎಸ್ 4151 ಎಂಬ ಸಂಖ್ಯೆ ನೋಡಿ, ಬಿಲ್ ಹಾಕಿಸಿ, ಹೊಸದು ಕೊಳ್ಳಿ. ಹಿಂದೆ ಕೂರುವವರಿಗೂ ಒಂದು.