ಹೊಲದಲ್ಲಿ ಒಂಟಿ ರಾತ್ರಿ: ಅಂಜಿಕೆ ಮತ್ತು ನಿದ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ಪಾಠವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಕರಿಹಲಗೆಯ ಮುಂದೆ ನಿಂತು ಬೆಳಕು, ಉಷ್ಣ, ಧ್ವನಿ ಎಂದು ಮೂರು ದಶಕ ಪಾಠ ಹೇಳಿದವನು ನಾನು. ಈ ಮೂರೂ ಕೂಡಿಬರುವ ವಿಷಯವೊಂದು ನಮ್ಮ ಅಕ್ಕಲಕೋಟ ಸೀಮೆಯ ಒಕ್ಕಲುತನದ ಮನೆಗಳಿಗೆಲ್ಲ ಸಂಬಂಧಪಟ್ಟಿದೆ. ರಾತ್ರಿ ಹೊಲದಲ್ಲಿ ಒಬ್ಬರೇ ಮಲಗುವುದು ಹೇಗೆ ಎಂಬುದೇ ಆ ವಿಷಯ.

ಇದನ್ನು ಕ್ಷುಲ್ಲಕವೆಂದು ತಿಳಿಯಬಾರದು. ಹಿಂಗಾರಿ ಜೋಳ ತೆನೆಗಟ್ಟಿದ ಮೇಲೆ ಕಾಯದೆ ಬಿಟ್ಟರೆ ಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ವರ್ಷದ ರೊಟ್ಟಿಯನ್ನು ತುಳಿದುಹಾಕುತ್ತದೆ. ಪಂಪಿಗೆ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬಂದರೆ ನೀರು ಹಾಯಿಸಲು ಅದೇ ಹೊತ್ತಿಗೆ ಹೋಗಬೇಕು. ಮೊದಲಾದರೆ ಅಣ್ಣತಮ್ಮಂದಿರು ಜೊತೆಗಿರುತ್ತಿದ್ದರು. ಈಗ ಒಬ್ಬ ಪುಣೆಯಲ್ಲಿ, ಇನ್ನೊಬ್ಬ ಮುಂಬಯಿಯಲ್ಲಿ. ರಾತ್ರಿ ಕಾಯುವವರಿಲ್ಲವೆಂಬ ಒಂದೇ ಕಾರಣಕ್ಕೆ ಜೋಳ ಬಿತ್ತುವುದನ್ನು ಬಿಟ್ಟ ಮನೆಗಳನ್ನು ನಾನು ಬಲ್ಲೆ. ಊರಿಗೆ ಬಂದ ನಮ್ಮ ಹಳೆಯ ವಿದ್ಯಾರ್ಥಿಗಳು ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಉಂಡು, ಕತ್ತಲಾಗುವ ಮುನ್ನ ಮನೆಗೆ ಓಡುತ್ತಾರೆ. ತಂದೆ, ಅಜ್ಜ ಮಲಗಿದ ನೆಲ ಅವರಿಗೆ ಪರಕೀಯವಾಗಿದೆ.

ಅಂಜಿಕೆ ಹೇಡಿತನವಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ರೆ ಕೆಡುತ್ತದೆಂಬ ಸಂಗತಿಯನ್ನು ನಿದ್ರಾಶಾಸ್ತ್ರಜ್ಞರು 1966ರಷ್ಟು ಹಿಂದೆಯೇ ದಾಖಲಿಸಿದ್ದಾರೆ. ಅದರ ಕಾರಣ ಕುರಿತು ಅಮೆರಿಕೆಯ ಬ್ರೌನ್ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆ 2016ರಲ್ಲಿ ಪ್ರಕಟವಾಯಿತು. ಅಪರಿಚಿತ ಜಾಗದಲ್ಲಿ ಮೊದಲ ರಾತ್ರಿ ಮೆದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ನಿದ್ರಿಸುವುದಿಲ್ಲ. ವಿಚಿತ್ರ ಸಪ್ಪಳವಾದರೆ ಬೇಗ ಎಚ್ಚರಿಸುತ್ತದೆ. ಅದೇ ಜಾಗದಲ್ಲಿ ಮತ್ತೆ ಮಲಗಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಡಾಲ್ಫಿನ್‌ಗಳು ಅರ್ಧ ಮೆದುಳಿನಿಂದ ನಿದ್ರಿಸುವ ರೀತಿಯ ಒಂದು ಎಳೆ ನಮ್ಮಲ್ಲಿಯೂ ಉಳಿದಿದೆಯೆನ್ನಬಹುದು. ಆದ್ದರಿಂದ ಮೊದಲ ರಾತ್ರಿ ಹೊರಳಾಡಿದವನು ‘ಇದು ನನ್ನಿಂದಾಗದು’ ಎಂದು ಕೌದಿ ಸುತ್ತಿಕೊಂಡು ಊರಿಗೆ ಮರಳಬಾರದು. ಒಳಗಿನ ಕಾವಲುಗಾರ ತನ್ನ ಕೆಲಸ ಮಾಡಿದ್ದಾನೆ, ಅಷ್ಟೆ.

ಈ ಕಾವಲುಗಾರನಿಗೆ ಸಪ್ಪಳಗಳ ಪರಿಚಯ ಮಾಡಿಕೊಡುವುದೇ ನಮ್ಮ ಅರ್ಧ ಕೆಲಸ. ಒಣಗುತ್ತಿರುವ ಜೋಳದ ಗರಿಗಳು ಒಂದಕ್ಕೊಂದು ತಿಕ್ಕಿದರೆ ಯಾರೋ ನಡೆದು ಬಂದಂತೆ ಕೇಳಿಸುತ್ತದೆ. ಆದರೆ ಅದು ಗಾಳಿಯೊಡನೆ ಎದ್ದು ಗಾಳಿಯೊಡನೆ ಅಡಗುತ್ತದೆ. ಹೆಜ್ಜೆಯ ಸಪ್ಪಳಕ್ಕೆ ಗಾಳಿಯ ಹಂಗಿಲ್ಲ, ಅದಕ್ಕೊಂದು ಲಯವಿರುತ್ತದೆ. ಗಟ್ಟಿ ನೆಲದ ಮೇಲೆ ಗೋಲಿ ಬಿದ್ದು ಪುಟಿಪುಟಿದು ನಿಲ್ಲುವಂತೆ ‘ಚಕ್ ಚಕ್ ಚಕ್‌ರ್‌ರ್’ ಎನ್ನುವುದು ನತ್ತಿಂಗ ಹಕ್ಕಿ. ನರಿಗಳು ಒಂದು ಕೂಗಿದರೆ ಹತ್ತು ಕೂಗುತ್ತವೆ; ಹಿಂಡು ದೊಡ್ಡದೆಂದು ತೋರುವುದು ಬಹುಪಾಲು ಕಿವಿಯ ಭ್ರಮೆ. ಒಣ ಎಲೆಯ ಮೇಲೆ ಓಡುವ ಇಲಿ, ಕತ್ತಲಲ್ಲಿ ಕರುವಿನಷ್ಟು ದೊಡ್ಡದಾಗಿ ಕೇಳಿಸುತ್ತದೆ. ಇನ್ನು ಟಿಟ್ಟಿಭ. ಅದು ಬಯಲಿನ ಪೊಲೀಸ್ ಪಾಟೀಲ! ನಡುರಾತ್ರಿ ಅದು ಚೀರಿಕೊಂಡು ಹಾರಿದರೆ ಅಲ್ಲಿ ಏನೋ ಚಲಿಸಿದೆಯೆಂದು ತಿಳಿದು ಬ್ಯಾಟರಿ ಹಾಕಿ ನೋಡಬಹುದು.

ನೆರೆಹೊಲದ ಮುದುಕರೊಬ್ಬರು ನನಗೆ ಹೇಳುತ್ತಿದ್ದರು: “ಮಾಸ್ತರ, ಸಪ್ಪಳಕ್ಕ ಅಂಜಬ್ಯಾಡ್ರಿ. ಹುಳದ ಸಪ್ಪಳ ಒಮ್ಮೆಲೆ ನಿಂತರ ಎದ್ದು ಕುಂದರ್ರಿ.” ನಾನು ಕಲಿಸಿದ ಧ್ವನಿಯ ಪಾಠದಲ್ಲಿ ಈ ಮಾತಿರಲಿಲ್ಲ. ಹತ್ತಿರ ಏನಾದರೂ ಸುಳಿದರೆ ಜೀರುಂಡೆಗಳು ತಟಸ್ಥವಾಗುತ್ತವೆ. ಅವು ಹಾಡುತ್ತಿರುವವರೆಗೆ ನೆಮ್ಮದಿ.

ಆದರೆ ಎಲ್ಲ ಭಯವೂ ಭ್ರಮೆಯಲ್ಲ, ಮತ್ತು ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ. ಜನರು ತೋಳ, ದೆವ್ವ ಎಂದು ಅಂಜುತ್ತಾರೆ. ಅಂಜಬೇಕಾದ ಕಟ್ಟುಹಾವಿಗೆ ಅಂಜುವುದಿಲ್ಲ. ಮರಾಠಿಯಲ್ಲಿ ಮಣ್ಯಾರ ಎನ್ನುವ ಈ ಕಪ್ಪು ಹಾವಿನ ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳಿರುತ್ತವೆ. ರಾತ್ರಿ ಸಂಚರಿಸುವ ಈ ಹಾವು ನೆಲದ ಮೇಲೆ ಮಲಗಿದವರನ್ನು ನಿದ್ರೆಯಲ್ಲಿಯೇ ಕಚ್ಚುವುದುಂಟು. ಹೆಚ್ಚಾಗಿ ನೋವಿಲ್ಲ, ಬಾವಿಲ್ಲ. ಗಾಯ ಕಣ್ಣಿಗೂ ಬೀಳದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲಾಗದಿರುವುದು ಕಂಡರೆ ಮಂತ್ರ, ಬೇರು ಎನ್ನದೆ ವಿಷಪ್ರತಿರೋಧಕ ಔಷಧವಿರುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ತಡೆಯುವ ಉಪಾಯವಾದರೋ ಅಗ್ಗದ್ದು: ಹೊರಸಿನ ಮೇಲೆ ಮಲಗುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸುವುದು. ಕಣಿಕೆಯ ಬಣವಿಯ ಮಗ್ಗುಲು ಬೆಚ್ಚಗಿರುತ್ತದೆಂದು ಅಲ್ಲಿ ಹಾಸಬಾರದು. ಅಲ್ಲಿ ಇಲಿಗಳಿರುತ್ತವೆ; ಇಲಿಯಿದ್ದಲ್ಲಿ ಹಾವು. ಹಂದಿಯನ್ನು ಮಂಚಿಕೆಯ ಮೇಲಿನಿಂದಲೇ ಬೆಳಕಿನಿಂದ, ಡಬ್ಬಿ ಬಡಿದು ಓಡಿಸಬೇಕು. ಕತ್ತಲಲ್ಲಿ ಬೆನ್ನಟ್ಟುವುದು ಸಲ್ಲ. ಮಲಗುವ ಮುನ್ನ ಇಷ್ಟನ್ನು ಮಾಡಿ ಮುಗಿಸಿದವನ ಮನಸ್ಸಿಗೆ ಆಮೇಲೆ ಎಣಿಕೆ ಹಾಕಲು ಕಡಿಮೆ ಉಳಿಯುತ್ತದೆ. ಧೈರ್ಯವೆನ್ನುವುದರಲ್ಲಿ ಮುಕ್ಕಾಲು ಪಾಲು ಈ ಸಿದ್ಧತೆಯೇ ಎಂದು ನನ್ನ ಎಣಿಕೆ.

ಇನ್ನು ಚಳಿ. ನಿರಭ್ರ ರಾತ್ರಿಯಲ್ಲಿ ನೆಲವೂ ಹೊದಿಕೆಯೂ ಉಷ್ಣವನ್ನು ಆಕಾಶಕ್ಕೆ ಸೂಸಿ ತಣ್ಣಗಾಗುತ್ತವೆ, ಮೇಲೆ ಇಬ್ಬನಿ ಕೂಡುತ್ತದೆ. ತಲೆಯ ಮೇಲೆ ಗಿಡದ ಟೊಂಗೆಯೋ ಒಂದು ತಾಡಪತ್ರಿಯೋ ಇದ್ದರೆ ಇದು ಬಹಳ ತಗ್ಗುತ್ತದೆ. ಹೊರಸಿನ ಕೆಳಗೂ ತಣ್ಣನೆಯ ಗಾಳಿ ಸುಳಿಯುವುದರಿಂದ ಹೊದೆಯುವುದಕ್ಕಿಂತ ಹಾಸುವುದು ದಪ್ಪಗಿರಬೇಕು. ತುಸು ತೇವವಾದರೂ ಬೆಚ್ಚಗಿಡುವ ಗುಣ ಕಂಬಳಿಯದು. ಕಾಲು ಬೆಚ್ಚಗಿದ್ದರೆ ನಿದ್ರೆ ಬೇಗ ಹತ್ತುತ್ತದೆಂದು ಸ್ವಿಸ್ ವಿಜ್ಞಾನಿಗಳು 1999ರಲ್ಲಿ ತೋರಿಸಿದರು. ಪಾದದ ರಕ್ತನಾಳಗಳು ಹಿಗ್ಗಿ ಒಡಲಿನ ಕಾವು ಹೊರಹೋಗುತ್ತದೆ, ಆ ಇಳಿತವೇ ನಿದ್ರೆಗೆ ಕರೆ. ಆದ್ದರಿಂದ ಒಣ ಕಾಲುಚೀಲವನ್ನು ಮರೆಯಬಾರದು.

ಮೊಬೈಲನ್ನು ಕರೆಗಷ್ಟೇ ಇಟ್ಟುಕೊಳ್ಳುವುದು ಲೇಸು. ಅಮೆರಿಕೆಯ ಕೊಲರಾಡೊದಲ್ಲಿ ಎಂಟು ಜನರನ್ನು ಒಂದು ವಾರ ದೀಪವಿಲ್ಲದೆ, ಬಿಸಿಲು ಮತ್ತು ಬೆಂಕಿಯ ಬೆಳಕಿನಲ್ಲಷ್ಟೇ ಬಯಲಲ್ಲಿರಿಸಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ಅವರ ಒಳಗಡಿಯಾರ ಸುಮಾರು ಎರಡು ತಾಸು ಹಿಂದಕ್ಕೆ ಸರಿದು, ಶರೀರಕ್ಕೆ ರಾತ್ರಿ ಬೇಗನೆ ಆರಂಭವಾಯಿತು. ನಮ್ಮ ಹಿರಿಯರು ಒಂಬತ್ತಕ್ಕೇ ಗೊರಕೆ ಹೊಡೆದುದರಲ್ಲಿ ಆಶ್ಚರ್ಯವಿಲ್ಲ. ಎದೆ ಡವಗುಟ್ಟಿದರೆ ಉಸಿರನ್ನು ಒಳಗೆ ಎಳೆದುದಕ್ಕಿಂತ ನಿಧಾನವಾಗಿ ಹೊರಬಿಡಬೇಕು, ನಾಡಿ ಇಳಿಯುತ್ತದೆ.

ಹುಡುಗರನ್ನು ರೂಢಿಗೆ ತರುವಾಗ ಎರಡು ರಾತ್ರಿ ಹಿರಿಯರೊಡನೆ ಮಲಗಿಸಿ, ಮೂರನೆಯ ರಾತ್ರಿ ಕರೆ ಕೇಳಿಸುವ ಅಂತರದಲ್ಲಿ ಬೇರೆ ಹೊರಸು ಹಾಕಿಕೊಡುವುದು ನನ್ನ ಪದ್ಧತಿ. ಎಚ್ಚರವಾದಾಗ ಗಡಿಯಾರ ನೋಡಲು ಬಿಡುವುದಿಲ್ಲ. ಇನ್ನೆಷ್ಟು ತಾಸು ಎಂಬ ಲೆಕ್ಕವೇ ನಿದ್ರೆಯ ವೈರಿ. ಬದಲಾಗಿ ಆಕಾಶ ನೋಡಿರೆನ್ನುತ್ತೇನೆ. ಜನವರಿಯ ನಡುವಿನಲ್ಲಿ ಮಹಾವ್ಯಾಧನ ಮೂರು ಚುಕ್ಕೆಗಳು ರಾತ್ರಿ ಹತ್ತರ ಸುಮಾರಿಗೆ ನೆತ್ತಿಯ ಸಮೀಪಕ್ಕೆ ಬರುತ್ತವೆ. ಅವು ಪಡುವಣಕ್ಕೆ ಇಳಿದು, ಮೂಡಣದಲ್ಲಿ ವೃಶ್ಚಿಕದ ಕೆಂಪು ಜ್ಯೇಷ್ಠಾ ತಲೆಯೆತ್ತಿದರೆ ಗಂಟೆ ನಾಲ್ಕಾಯಿತು. ಹಂದಿಗಳು ತೋಪಿಗೆ ಮರಳುವ ಹೊತ್ತು ಸಮೀಪಿಸಿತು. ಇನ್ನೊಂದು ನಿದ್ರೆಗೆ ಅವಕಾಶವುಂಟು.